ವಿಜಯಪುರದ ಹಿತ್ತಿಲ ದ್ರಾಕ್ಷಿ

ವಿಜಯಪುರಕ್ಕೆ ಬಂದಿಳಿಯುವ ಪ್ರವಾಸಿಕನ ಕಾಲು ಮೊದಲು ಗೋಲಗುಮ್ಮಟದ ಕಡೆಗೇ ತಿರುಗುವುದು ಸಹಜ. ಮುಹಮ್ಮದ್ ಆದಿಲ್‌ಶಹನ ಗೋರಿಯ ಮೇಲೆ ನಿಂತ ಆ ಮಹಾಗುಮ್ಮಟದೊಳಗೆ ತನ್ನ ಹೆಸರನ್ನು ತಾನೇ ಕೂಗಿ, ಅದು ಮರಳಿ ಮರಳಿ ಬಂದುದನ್ನು ಕೇಳಿ ನಕ್ಕು, ಇಬ್ರಾಹಿಂ ರೋಜಾದ ಕಲ್ಲಿನ ಕುಸುರಿಗೆ ತಲೆದೂಗಿ, ಮಲಿಕ್-ಎ-ಮೈದಾನ್ ತೋಪಿನ ಬಾಯೆದುರು ನಿಂತು ಚಿತ್ರ ತೆಗೆಸಿಕೊಂಡು ಅವನು ಸಂಜೆಯ ಗಾಡಿ ಹಿಡಿಯುತ್ತಾನೆ. ಈ ಸೀಮೆಯ ಮತ್ತೊಂದು ವೈಭವ ಕಣ್ಣಿಗೆ ಬೀಳಬೇಕಾದರೆ ಅಥಣಿಯ ರಸ್ತೆಯಲ್ಲಿ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರು ಹೋಗಬೇಕು. ಅಲ್ಲಿ ತಿಕೋಟಾ. ದಾರಿಯ ಇಕ್ಕೆಲಗಳಲ್ಲಿಯೂ ಕಂಬ, ತಂತಿ, ಬಳ್ಳಿ. ನಡುನಡುವೆ ಹಸಿರು ಬಲೆ ಹೊದಿಸಿದ ಉದ್ದನೆಯ ಚಪ್ಪರಗಳಲ್ಲಿ ಅಂತಸ್ತು ಅಂತಸ್ತಾಗಿ ಹರಡಿದ ಒಣದ್ರಾಕ್ಷಿ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಕಾಣುವ ನೆಲ ಇಷ್ಟೊಂದು ರಸವನ್ನು ಎಲ್ಲಿಂದ ಹೀರಿ ತಂದಿತೋ ಎಂದು ನೋಡಿದವರು ಬೆರಗಾಗುತ್ತಾರೆ.

ಫೆಬ್ರವರಿಯಲ್ಲಿ ಹೋದವನ ಮಾತು ಇದು. ಏಪ್ರಿಲ್ ತಿಂಗಳಲ್ಲಿ ಹೋದವನು ಬೆಚ್ಚಿಬೀಳುತ್ತಾನೆ. ಹಣ್ಣಿಲ್ಲ, ಎಲೆಯಿಲ್ಲ, ಬಳ್ಳಿಯೆಂಬ ಬಳ್ಳಿಯೇ ಇಲ್ಲ. ತೊಲೆಯಂಥ ಒಂದು ಕಾಂಡ, ಅದರ ಮೇಲೆ ತಂತಿಗುಂಟ ಚಾಚಿದ ಒಣಗಿದಂತಿರುವ ತೋಳುಗಳು, ಬದುವಿನ ಮೇಲೆ ಕತ್ತರಿಸಿ ಒಟ್ಟಿದ ಕಡ್ಡಿಗಳ ರಾಶಿ. ತೋಟಕ್ಕೆ ಏನೋ ಅನಾಹುತವಾಗಿದೆ ಎಂದೇ ಹೊಸಬನು ತಿಳಿಯುವನು. ಅನಾಹುತವೇನೂ ಅಲ್ಲ. ಅದಕ್ಕೆ ಅಲ್ಲಿನವರು ಹೇಳುವ ಹೆಸರು ಚಾಟ್ನಿ. ಗಡಿಯಾಚೆಯ ಮರಾಠಿಯಿಂದ ಬಂದು ಕನ್ನಡದಲ್ಲಿ ನೆಲೆಸಿದ ಮಾತು. ತೋಟಗಾರಿಕೆಯ ಪುಸ್ತಕಗಳು ಇದನ್ನೇ ಸವರುವಿಕೆ ಎನ್ನುತ್ತವೆ. ಸವರುವುದೆಂದರೆ ಮೃದುವಾಗಿ ಕೈಯಾಡಿಸುವುದು ಎಂದೂ ಅರ್ಥವುಂಟು. ತಿಕೋಟಾದ ಕತ್ತರಿಯನ್ನು ಕಂಡವರು ಈ ಪುಸ್ತಕದ ಶಬ್ದಕ್ಕೆ ಮುಗುಳ್ನಗದೆ ಇರಲಾರರು.

ದ್ರಾಕ್ಷಿಗೆ ಈ ಶಿಕ್ಷೆ ಏಕೆ? ಅದರ ತವರು ಚಳಿಯ ದೇಶ. ಅಲ್ಲಿ ಹೇಮಂತ ಬಂದೊಡನೆ ಬಳ್ಳಿ ಎಲೆಯುದುರಿಸಿ ನಿದ್ರಿಸುತ್ತದೆ. ಮಲಗಿದ ಬಳ್ಳಿಯನ್ನು ರೈತ ವರ್ಷಕ್ಕೊಮ್ಮೆ ಕತ್ತರಿಸುತ್ತಾನೆ. ವಸಂತದಲ್ಲಿ ಅದು ತಾನಾಗಿ ಎಚ್ಚರಗೊಂಡು ಚಿಗುರುತ್ತದೆ. ದಖ್ಖನದ ಈ ಬಯಲಿನಲ್ಲಿ ಬಳ್ಳಿಯನ್ನು ಮಲಗಿಸುವಂಥ ಚಳಿ ಎಲ್ಲಿಯದು? ಇಲ್ಲಿ ಅದು ನಿದ್ರಿಸುವುದಿಲ್ಲ, ಹೀಗಾಗಿ ಏಳುವುದೂ ಇಲ್ಲ. ಬಿಟ್ಟರೆ ವರ್ಷವೆಲ್ಲ ಎಲೆಯ ಮೇಲೆ ಎಲೆ ಹೊದ್ದು ಹಬ್ಬುತ್ತಲೇ ಇರುವುದು. ಬರಬೇಕಾದ ಚಳಿಗಾಲವನ್ನು ಕತ್ತರಿಯೇ ತರಬೇಕು. ಈ ಸೀಮೆಯ ರೈತನು ಅದನ್ನು ವರ್ಷಕ್ಕೆ ಎರಡು ಸಲ ತರುತ್ತಾನೆ: ಒಮ್ಮೆ ಏಪ್ರಿಲ್‌ನಲ್ಲಿ, ಒಮ್ಮೆ ಅಕ್ಟೋಬರ್‌ನಲ್ಲಿ.

ಹದಿನಾಲ್ಕನೆಯ ಶತಮಾನದಲ್ಲಿ ದೌಲತಾಬಾದಿಗೆ ಬಂದಿದ್ದ ಇಬ್ನ್ ಬತೂತನು ಅಲ್ಲಿಯ ದ್ರಾಕ್ಷಿ, ದಾಳಿಂಬೆಗಳು ವರ್ಷಕ್ಕೆರಡು ಫಸಲು ಕೊಡುತ್ತವೆಂದು ಬರೆದಿದ್ದಾನೆ. ಇಂದಿನ ವಿಜಯಪುರದವನಿಗೂ ಎರಡು ಫಸಲು ಬೇಡವೆಂದಲ್ಲ. ಆದರೆ ಏಪ್ರಿಲ್ ಕತ್ತರಿಯ ಬೆನ್ನಿಗೇ ಬರುವ ಹಣ್ಣು ಮಳೆಗಾಲದಲ್ಲಿ ಮಾಗಬೇಕು. ಮಾಗುವ ಮೊದಲೇ ಅದು ಒಡೆದು ಕೊಳೆಯುತ್ತದೆ. ಆದುದರಿಂದ ಅವನು ಬೇಸಿಗೆಯ ಕತ್ತರಿಯಿಂದ ಕಡ್ಡಿಯನ್ನು ಬೆಳೆಸಿಕೊಳ್ಳುತ್ತಾನೆ, ಮಳೆ ಹಿಂದೆಗೆದ ಮೇಲೆ ಹಾಕುವ ಕತ್ತರಿಯಿಂದ ಹಣ್ಣನ್ನು ಪಡೆಯುತ್ತಾನೆ.

ತೋಟದವನಿಗೆ ಇದು ಲೆಕ್ಕದ ಮಾತು. ಹಿತ್ತಿಲಿನಲ್ಲಿ ಒಂದೇ ಬಳ್ಳಿ ಇರುವವರಿಗೆ ಹಾಗಲ್ಲ.

ವಿಜಯಪುರದ ಹಳೆಯ ಭಾಗದಲ್ಲಿ, ದಪ್ಪ ಕಲ್ಲುಗೋಡೆಯ ಒಂದು ಮನೆ. ಅದರ ಹಿಂದೆ ಹದಿನೈದು ಅಡಿ ಚೌಕದ ಫರಸಿಯ ಅಂಗಳ. ಅಂಗಳದ ಒಂದು ಮೂಲೆಯಲ್ಲಿ ದ್ರಾಕ್ಷಿಯ ಬುಡ. ಏಳು ಅಡಿ ಎತ್ತರದ ತಂತಿಯ ಚಪ್ಪರ. ಹನ್ನೆರಡು ವರ್ಷಗಳ ಹಿಂದೆ ಆ ಮನೆಯ ಯಜಮಾನರು, ನಿವೃತ್ತ ಶಾಲಾಮಾಸ್ತರರು, ತಿಕೋಟಾದ ನೆಂಟರಲ್ಲಿಂದ ತಂದು ನೆಟ್ಟ ಕಸಿಯ ಗಿಡವದು. ಬೇರು ಡಾಗ್‌ರಿಜ್ ಎಂಬ ಕಾಡುಜಾತಿಯದು. ಸವಳು ನೀರನ್ನೂ ಬರವನ್ನೂ ತಾಳಿಕೊಳ್ಳುವಂಥದು. ಮೇಲಿನ ಭಾಗ ಬೀಜವಿಲ್ಲದ ಥಾಮ್ಸನ್. ಮಾಸ್ತರರು ಇರುವವರೆಗೆ ಕತ್ತರಿ ಹಿಡಿದವರು ಅವರೇ. ಅವರು ತೀರಿಕೊಂಡು ನಾಲ್ಕು ವರ್ಷಗಳಾದವು. ಕತ್ತರಿ ಗೋಡೆಯ ಗೂಡಿನಲ್ಲಿ ತುಕ್ಕು ಹಿಡಿಯಿತು. ಬಳ್ಳಿ ಬೆಳೆಯಿತು.

ಎಷ್ಟು ಬೆಳೆಯಿತೆಂದರೆ ಚಪ್ಪರ ತುಂಬಿ, ಗೋಡೆ ಹಾರಿ, ನೆರೆಮನೆಯ ನೀರಿನ ತೊಟ್ಟಿಯವರೆಗೆ ಹೋಯಿತು. ಮೊದಲ ವರ್ಷ ಒಂದಷ್ಟು ಹಣ್ಣು, ಮರುವರ್ಷ ಕಡಿಮೆ, ಆಮೇಲೆ ಗೋಡೆಯಾಚೆ ಬಿಸಿಲು ಕಂಡ ತುದಿಗಳಲ್ಲಿ ಮಾತ್ರ ನಾಲ್ಕು ಗೊಂಚಲು, ಅವುಗಳ ಮೇಲೂ ಬೂದಿರೋಗದ ಬಿಳಿಪುಡಿ. ಒಳಗೆಲ್ಲ ಎಲೆ, ಎಲೆಯ ಕೆಳಗೆ ಒಣಕಡ್ಡಿ. ಆದರೆ ನೆರಳು! ಉಷ್ಣಮಾನ 40 ಡಿಗ್ರಿ ದಾಟುವ ಊರಿನಲ್ಲಿ ಅಂಥ ದಟ್ಟನೆಯ ತಂಪು ಸುತ್ತಲ ಯಾವ ಅಂಗಳದಲ್ಲಿಯೂ ಇರಲಿಲ್ಲ. ಮಾಸ್ತರರ ಹೆಂಡತಿ ಮಧ್ಯಾಹ್ನವೆಲ್ಲ ಅಲ್ಲಿಯೇ ಕುಳಿತು ಕಾಳು ಹಸನು ಮಾಡುವರು. ರಜೆಗೆಂದು ಬಂದ ಮೊಮ್ಮಕ್ಕಳು ಅಲ್ಲಿಯೇ ಆಡುವರು, ಅಲ್ಲಿಯೇ ಮಲಗುವರು.

ಮಗನಿಗೆ ಹಣ್ಣಿನ ಆಸೆ. ಒಂದು ಮಾರ್ಚ್ ತಿಂಗಳ ಕೊನೆಯಲ್ಲಿ ಅವನು ತಿಕೋಟಾದ ಕಡೆಯಿಂದ ಚಾಟ್ನಿಯ ಕೆಲಸಗಾರನೊಬ್ಬನನ್ನು ಕರೆತಂದನು. ಅವನು ಚಪ್ಪರದ ಕೆಳಗೆ ನಿಂತು ಮೇಲೆ ನೋಡಿ, ಎರಡು ಎಲೆ ಸರಿಸಿ, ತಲೆಯಾಡಿಸಿದನು.

"ಇದು ಬಳ್ಳಿ ಅಲ್ರೀ ಯವ್ವಾ, ಅಡವಿ ಆಗೇತಿ. ಪೂರಾ ತೆಗೀಬೇಕು."

"ಪೂರಾ ಅಂದ್ರ?"

ಅವನು ತನ್ನ ಹೆಬ್ಬೆರಳಿನ ತುದಿಯನ್ನು ತೋರಿಸಿದನು. ತೋಳಿನಿಂದ ಹೊರಟ ಪ್ರತಿ ಕಡ್ಡಿಯಲ್ಲಿಯೂ ಉಳಿಯುವುದು ಅಷ್ಟೇ. ಒಂದೇ ಒಂದು ಕಣ್ಣು.

ಮುದುಕಿ ಬಳ್ಳಿಯ ಬುಡಕ್ಕೆ ಹೋಗಿ ನಿಂತರು. "ಬ್ಯಾಸಗಿ ಮುಂದ ನಿಂತೈತಿ. ಹುಡುಗೂರು ಬರೂ ಹೊತ್ತು. ನೆಳ್ಳು ತಗದು ಎಲ್ಲಿ ಕುಂದರಸಲಿ ಅವರನ್ನ? ಮಳಿಗಾಲ ಮುಗೀಲಿ, ಆಮ್ಯಾಲ ಬಾ ತಮ್ಮಾ."

"ಆಮ್ಯಾಲ ಬಂದ್ರ ಕಟಿಂಗ್ ಆಕ್ಕೈತ್ರಿ, ಹಣ್ಣಾಗೂದಿಲ್ಲ," ಎಂದನು ಅವನು. "ಮುಂದಿನ ವರ್ಷದ ಹಣ್ಣು ಈ ಬಿಸಲಾಗ ಕೂಡ್ತೈತ್ರಿ. ನೆಳ್ಳು ಬೇಕಂದ್ರ ಹಣ್ಣು ಬಿಡ್ರಿ."

ಅವನ ಮಾತು ಅಕ್ಷರಶಃ ನಿಜ. ಕಡ್ಡಿಯ ಪ್ರತಿ ಗೆಣ್ಣಿನಲ್ಲಿಯೂ ಕೂತಿರುವ ಮೊಗ್ಗನ್ನು ಕನ್ನಡದ ಒಕ್ಕಲಿಗ 'ಕಣ್ಣು' ಎನ್ನುತ್ತಾನೆ. ಬೇಸಿಗೆಯ ಕತ್ತರಿಯ ಬಳಿಕ ಹೊಸದಾಗಿ ಹೊರಟ ಕಡ್ಡಿಯ ಕಣ್ಣುಗಳೊಳಗೆ, ಸುಮಾರು ನಲವತ್ತರಿಂದ ಅರವತ್ತನೆಯ ದಿನದ ಅವಧಿಯಲ್ಲಿ, ಒಂದು ನಿರ್ಧಾರ ನಡೆಯುತ್ತದೆ: ಇಲ್ಲಿ ಗೊಂಚಲು ಕೂಡುವುದೋ, ಬರಿಯ ಕುಡಿಬಳ್ಳಿಯಾಗುವುದೋ. ಆ ದಿನಗಳಲ್ಲಿ ಕಡ್ಡಿಯ ಮೇಲೆ ಪ್ರಖರವಾದ ಬಿಸಿಲು ಬಿದ್ದರೆ ಗೊಂಚಲು. ಮೋಡವೋ ಎಲೆಯ ದಟ್ಟಣೆಯೋ ಮರೆಮಾಡಿದರೆ ಕುಡಿ. ಮೇ ತಿಂಗಳಲ್ಲಿ ಹೀಗೆ ಕೂತ ಗೊಂಚಲು ಸಾಸಿವೆಗಿಂತ ಚಿಕ್ಕದಾಗಿ ಅಕ್ಟೋಬರದವರೆಗೆ ಕಣ್ಣಿನೊಳಗೇ ಅಡಗಿರುತ್ತದೆ. ದೊಡ್ಡ ತೋಟದವರು ಅಕ್ಟೋಬರ್ ಚಾಟ್ನಿಗೆ ಮುಂಚೆ ನಾಲ್ಕು ಕಡ್ಡಿಗಳನ್ನು ಪರೀಕ್ಷೆಗೆ ಕಳುಹಿಸಿ, ಕಣ್ಣನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿಸುವುದುಂಟು. ಎಷ್ಟನೆಯ ಕಣ್ಣಿನಲ್ಲಿ ಗೊಂಚಲಿದೆಯೋ ಅದರ ಮೇಲಕ್ಕೆ ಕತ್ತರಿ.

ಅಂಗಳವನ್ನು ಸುಡುವ ಬಿಸಿಲು ಯಾವುದೋ, ಹಣ್ಣನ್ನು ಕೂಡಿಸುವ ಬಿಸಿಲೂ ಅದೇ. ಹಿತ್ತಿಲ ದ್ರಾಕ್ಷಿಗಳಲ್ಲಿ ಬಹಳಷ್ಟು ಬರಿಯ ಎಲೆಯ ಚಪ್ಪರಗಳಾಗಿ ಉಳಿಯುವುದಕ್ಕೆ ಗೊಬ್ಬರದ ಕೊರತೆಯಾಗಲಿ ದೃಷ್ಟಿ ತಾಗಿದ್ದಾಗಲಿ ಕಾರಣವಲ್ಲ. ಮನೆಯವರಿಗೆ ಏಪ್ರಿಲ್ ತಿಂಗಳಲ್ಲಿ ನೆರಳನ್ನು ಬಿಟ್ಟುಕೊಡುವ ಮನಸ್ಸಾಗದಿರುವುದೇ ಕಾರಣ. ಅಲಂಕಾರಶಾಸ್ತ್ರದವರು ಬಾಯಿಗಿಟ್ಟೊಡನೆ ರಸ ಕೊಡುವ ಸುಲಭ ಕಾವ್ಯವನ್ನು ದ್ರಾಕ್ಷಾಪಾಕವೆಂದು ಕರೆದು, ಒಡೆದು ತಿನ್ನಬೇಕಾದ ಕಷ್ಟದ ಕಾವ್ಯಕ್ಕೆ ನಾರಿಕೇಳಪಾಕವೆಂದು ಹೆಸರಿಟ್ಟರು. ತಿನ್ನುವವನ ಕಡೆಯಿಂದ ನೋಡಿದ ಮಾತು ಅದು. ಬೆಳೆಯುವವನನ್ನು ಕೇಳಿದ್ದರೆ ಹೆಸರುಗಳು ಅದಲುಬದಲಾಗುತ್ತಿದ್ದವೋ ಏನೋ. ತೆಂಗಿನ ಮರ ಯಾರಿಂದಲೂ ಇಂಥ ತ್ಯಾಗವನ್ನು ಕೇಳುವುದಿಲ್ಲ.

ಕತ್ತರಿಸಿದರೆ ಹೆಚ್ಚು ಫಲ ಬರುವುದೆಂಬ ಈ ವಿಚಿತ್ರ ಸತ್ಯ ಮನುಷ್ಯನಿಗೆ ಹೊಳೆದುದು ಹೇಗೆ? ಎರಡನೆಯ ಶತಮಾನದ ಗ್ರೀಕ್ ಪ್ರವಾಸಿಕ ಪೌಸಾನಿಯಸ್ ಒಂದು ಸಂಗತಿಯನ್ನು ದಾಖಲಿಸಿದ್ದಾನೆ. ನಾಪ್ಲಿಯಾ ಎಂಬಲ್ಲಿ ಬಂಡೆಯ ಮೇಲೆ ಕತ್ತೆಯೊಂದನ್ನು ಕೆತ್ತಿದ್ದರಂತೆ. ದ್ರಾಕ್ಷಿಯ ಕುಡಿಯನ್ನು ಅದು ಮೇಯ್ದಿದ್ದರಿಂದ ಮುಂದೆ ಹಣ್ಣು ಹೆಚ್ಚಾಗಿ ಬಂತೆಂದು, ಸವರುವ ವಿದ್ಯೆಯ ಗುರುವಿಗೆ ಸಲ್ಲಿಸಿದ ಗೌರವ ಅದು! ತಿಕೋಟಾದ ಕೆಲಸಗಾರನಿಗೆ ಈ ಕಥೆ ಗೊತ್ತಿದ್ದರೆ ಹೇಳುತ್ತಿದ್ದನೇನೋ. ಅವನು ಕಥೆ ಹೇಳಲಿಲ್ಲ; ನೆರಳಿನ ಕಟ್ಟೆಯ ಮೇಲೆ ಕುಳಿತು ಚಹ ಕುಡಿದು ಕಾದನು.

ಕೊನೆಗೆ ಮುದುಕಿಯೇ ಕೇಳಿದರು: "ಬಿಸಲು ಬಳ್ಳಿಗೆ ಬೀಳಬೇಕೋ, ನೆಲಕ್ಕ ಬೀಳಬೇಕೋ?"

"ಬಳ್ಳಿಗೆ ಬಿದ್ರ ಸಾಕ್ರಿ."

"ಹಂಗಾರ ಕತ್ತರಿ ಹಾಕು," ಎಂದು ಒಳಗೆ ಹೋದರು.

ಕೆಲಸ ಎರಡು ತಾಸು ನಡೆಯಿತು. ಅವನು ಕತ್ತರಿಯ ಬಾಯನ್ನು ಸ್ಪಿರಿಟ್ಟಿನಲ್ಲಿ ಒರೆಸಿಕೊಂಡು, ಮೊದಲು ಸತ್ತ ಕಡ್ಡಿಗಳನ್ನೆಲ್ಲ ಎಳೆದು ಹಾಕಿದನು. ನಾಲ್ಕು ವರ್ಷಗಳ ಗೋಜಲಿನೊಳಗೆ ಮಾಸ್ತರರು ಕಟ್ಟಿದ್ದ ಹಳೆಯ ವಿನ್ಯಾಸ ಮೆಲ್ಲಗೆ ತೋರತೊಡಗಿತು: ಒಂದೇ ಕಾಂಡ, ಚಪ್ಪರದ ಎತ್ತರದಲ್ಲಿ ಎರಡು ಕವಲು, ಒಂದೊಂದು ಕವಲಿಗೂ ತಂತಿಗುಂಟ ಹೊರಟ ತೋಳುಗಳು. ತೋಳುಗಳನ್ನು ಮುಟ್ಟದೆ, ಅವುಗಳ ಮೇಲಿನ ಕಡ್ಡಿಗಳನ್ನು ಒಂದೊಂದು ಕಣ್ಣಿಗೆ ಇಳಿಸುತ್ತ ಹೋದನು. ಕಣ್ಣಿಗೆ ತೀರ ಹತ್ತಿರ ಕತ್ತರಿಸಿದರೆ ಅದು ಒಣಗುತ್ತದೆ. ಅರ್ಧ ಅಂಗುಲ ಬಿಡಬೇಕು. ಕತ್ತರಿ ಜಜ್ಜಬಾರದು, ಕೊಯ್ಯಬೇಕು. ಅಂಗಳದ ಮೇಲೆ ವರ್ಷಗಟ್ಟಲೆಯಿಂದ ಕಾಣದಿದ್ದ ಆಕಾಶ ಚೌಕ ಚೌಕವಾಗಿ ತೆರೆದುಕೊಂಡಿತು.

ಸ್ವಲ್ಪ ಹೊತ್ತಿನ ಮೇಲೆ ಕತ್ತರಿಸಿದ ತುದಿಗಳಿಂದ ನೀರು ತೊಟ್ಟಿಕ್ಕತೊಡಗಿತು. ಟಪ್, ಟಪ್ ಎಂದು ಫರಸಿಯ ಮೇಲೆ ಬೀಳುವ ಸದ್ದು. ಹೊರಗೆ ಬಂದ ಮುದುಕಿ ಅದನ್ನು ಕಂಡು ಸೆರಗು ಬಾಯಿಗಿಟ್ಟುಕೊಂಡರು. ಕಣ್ಣಿನ ಪಕ್ಕದಿಂದ ಬರುವ ನೀರಿಗೆ ಕಣ್ಣೀರೆನ್ನದೆ ಬೇರೇನನ್ನಬೇಕು? ಬೇರು ನೀರನ್ನು ಮೇಲಕ್ಕೆ ಒತ್ತುತ್ತಿರುವಾಗ ಕುಡಿಯಲು ಎಲೆಗಳಿಲ್ಲದುದರಿಂದ ಅದು ಗಾಯದ ಬಾಯಿಂದ ಹೊರಬರುತ್ತದೆ, ಅಷ್ಟೇ. ಬಳ್ಳಿಗೆ ಇದರಿಂದ ಹಾನಿಯಿಲ್ಲ. ಬೇರು ಬದುಕಿದೆಯೆಂಬುದಕ್ಕೆ ಅದೇ ಸಾಕ್ಷಿ. ಕೆಲವು ದಿನಗಳಲ್ಲಿ ತಾನಾಗಿಯೇ ನಿಲ್ಲುತ್ತದೆ.

ದೊಡ್ಡ ಗಾಯಗಳಿಗೆ ಮುಲಾಮು ಬೇಕು. ಮೈಲುತುತ್ತ 100 ಗ್ರಾಂ, ಸುಟ್ಟ ಸುಣ್ಣ 100 ಗ್ರಾಂ. ಎರಡನ್ನೂ ಅರ್ಧರ್ಧ ಲೀಟರು ನೀರಿನಲ್ಲಿ ಬೇರೆ ಬೇರೆಯಾಗಿ ಕದಡಿ ಆಮೇಲೆ ಕೂಡಿಸಿದರೆ ಆಕಾಶದ ಬಣ್ಣದ ಬೋರ್ಡೋ ಮುಲಾಮು ಸಿದ್ಧ. ಮಣ್ಣಿನ ಇಲ್ಲವೆ ಪ್ಲಾಸ್ಟಿಕ್ಕಿನ ಪಾತ್ರೆಯಾಗಬೇಕು. ಕಬ್ಬಿಣವನ್ನು ಮೈಲುತುತ್ತ ತಿಂದುಹಾಕುತ್ತದೆ. ಬೋರ್ಡೋ ಫ್ರಾನ್ಸಿನ ದ್ರಾಕ್ಷಿಯ ಸೀಮೆ. ಅಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಯಂಚಿನ ಬಳ್ಳಿಗಳಿಗೆ ನೀಲಿಯ ಈ ಕಹಿದ್ರವವನ್ನು ಎರಚುತ್ತಿದ್ದರು. 1880ರ ದಶಕದಲ್ಲಿ ರೋಗ ಬಂದು ತೋಟಗಳು ಎಲೆಯುದುರಿಸಿ ನಿಂತಾಗ, ಎರಚಿದ ಬಳ್ಳಿಗಳು ಮಾತ್ರ ಹಸುರಾಗಿರುವುದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿದನು. ಕಳ್ಳರಿಗಾಗಿ ಹೂಡಿದ ಉಪಾಯ ಲೋಕದ ತೋಟಗಳಿಗೆಲ್ಲ ಔಷಧಿಯಾಯಿತು.

ಇನ್ನು ನೆರಳಿನ ಮಾತು. ಮರುದಿನ ಮುದುಕಿ ಪೆಟ್ಟಿಗೆಯಿಂದ ಮೂರು ಹಳೆಯ ಇಳಕಲ್ಲ ಸೀರೆಗಳನ್ನು ತೆಗೆದರು. ಮೊಣಕೈ ತಾಗುವ ಕಡೆ ಜಿನುಗಿದ್ದವು, ಸೆರಗು ಮಾತ್ರ ಇನ್ನೂ ಕೆಂಪಾಗಿತ್ತು. ತಂತಿಯಿಂದ ಒಂದು ಅಡಿ ಕೆಳಗೆ ಹಗ್ಗ ಬಿಗಿದು, ಆ ಸೀರೆಗಳನ್ನು ಅಂಗಳದ ಉದ್ದಕ್ಕೆ ಹಾಯಿಸಿ, ತುದಿಗಳಿಗೆ ಕುಣಿಕೆ ಹಾಕಿದರು. ಮೇಲೆ ಬಳ್ಳಿಗೆ ಬಿಸಿಲು, ಕೆಳಗೆ ಮಕ್ಕಳಿಗೆ ನೆರಳು. ಬಳ್ಳಿಯ ಕೆಲಸವಿರುವ ಮುಂಜಾವಿನಲ್ಲಿ ಕುಣಿಕೆ ಬಿಚ್ಚಿ ಸರಿಸುವುದು, ಬಿಸಿಲೇರಿದೊಡನೆ ಎಳೆಯುವುದು. ತೋಟಗಾರಿಕೆಯ ಪುಸ್ತಕಗಳಲ್ಲಿ ಇದಕ್ಕೆ ಸ್ಥಾನವಿಲ್ಲ, ಇರಬೇಕಾಗಿತ್ತು.

ಕೆಲಸವೇನೂ ಕಡಿಮೆಯಿರಲಿಲ್ಲ. ಹತ್ತು ಹನ್ನೆರಡು ದಿನಗಳಲ್ಲಿ ಕಣ್ಣುಗಳು ಊದಿ, ನಸುಗೆಂಪು ಚಿಗುರು ಇಣುಕಿತು, ಒಂದಿರಬೇಕಾದಲ್ಲಿ ಮೂರು. ಗೇಣಿಗೊಂದರಂತೆ ಬಲವಾದುದನ್ನು ಉಳಿಸಿ ಮಿಕ್ಕುದನ್ನು ಎಳೆಯದಿರುವಾಗಲೇ ಚಿವುಟಬೇಕು. ಉಳಿದ ಕುಡಿಗೆ ಏಳು ಎಲೆ ಮೂಡಿದಾಗ ತುದಿ ಮುರಿಯಬೇಕು. ಪಕ್ಕದಿಂದ ಹೊರಟುದನ್ನು ಮತ್ತೆ ಐದನೆಯ ಎಲೆಗೆ ನಿಲ್ಲಿಸಬೇಕು. ಓಟ ತಡೆದ ಕುಡಿ ದಪ್ಪವಾಗುತ್ತದೆ, ಅದರ ಕಣ್ಣು ಪುಷ್ಟವಾಗುತ್ತದೆ. ಈ ಚಿವುಟುವ ಕೆಲಸಕ್ಕೆ ಮಕ್ಕಳಷ್ಟು ಯೋಗ್ಯರು ಯಾರೂ ಇಲ್ಲ; ಏಳರವರೆಗೆ ಎಣಿಸಲು ಬಂದರೆ ಸಾಕು. ನೀರನ್ನು ಎಣಿಸಿ ಬಳಸುವ ಆ ಊರಿನಲ್ಲಿ ಅಕ್ಕಿ ಕಾಯಿಪಲ್ಯ ತೊಳೆದ ನೀರೇ ಬಳ್ಳಿಗೆ ಹೆಚ್ಚಿನ ಆಧಾರವಾಯಿತು.

ಮಳೆಗಾಲದಲ್ಲಿ ಕಡ್ಡಿಗಳು ಹಸುರು ಬಿಟ್ಟು ಕಂದಾದವು. ಅಕ್ಟೋಬರಿನಲ್ಲಿ ಕೆಲಸಗಾರ ಮತ್ತೆ ಬಂದನು. ಈ ಸಲದ ಕತ್ತರಿ ಬೇರೆ ತರಹದ್ದು. ಸೀಸದ ಕಡ್ಡಿಯ ದಪ್ಪಕ್ಕೆ ಬಲಿತುದನ್ನು ಆರಿಸಿ, ಐದರಿಂದ ಏಳು ಕಣ್ಣು ಬಿಟ್ಟು, ಬೇಸಿಗೆಯಲ್ಲಿ ತುದಿ ಮುರಿದಲ್ಲಿ ಉಂಟಾದ ಗಂಟನ್ನು ನೋಡಿಕೊಂಡು ಕತ್ತರಿಸುವುದು. ಸಣಕಲಾದುದನ್ನು ಒಂದೇ ಕಣ್ಣಿಗೆ ಇಳಿಸುವುದು. ಉಳಿದ ಎಲೆಗಳನ್ನೆಲ್ಲ ಕೈಯಿಂದ ತೆಗೆಯುವುದು. ತೋಟಗಳಲ್ಲಿ ಕಣ್ಣುಗಳು ಒಂದೇ ಸಲಕ್ಕೆ ಒಡೆಯಲೆಂದು ಹೈಡ್ರೋಜನ್ ಸಯನಮೈಡ್ ಎಂಬ ದ್ರವವನ್ನು ಸವರುತ್ತಾರೆ. ಚರ್ಮಕ್ಕೂ ಉಸಿರಿಗೂ ಅಪಾಯಕರವಾದ ವಿಷವದು. ಮಕ್ಕಳಾಡುವ ಹಿತ್ತಿಲಿಗೆ ಖಂಡಿತ ತರಬಾರದು. ಮನೆಯ ಬಳ್ಳಿಯಲ್ಲಿ ತುದಿಯ ಎರಡು ಕಣ್ಣು ಮೊದಲು ಒಡೆದು, ಮಿಕ್ಕವು ಹಿಂದುಮುಂದಾದರೆ ಯಾರ ಗಂಟೂ ಹೋಗುವುದಿಲ್ಲ. ಹಣ್ಣು ಒಂದು ವಾರದ ಬದಲು ಮೂರು ವಾರ ಸಿಕ್ಕೀತು.

ಬೆಂಗಳೂರು, ಕೋಲಾರಗಳ ಕಡೆಯ ವಾಚಕರು ಇಷ್ಟೆಲ್ಲ ವಿಧಿಗಳನ್ನು ಓದಿ ಗಾಬರಿಯಾಗಬೇಕಾಗಿಲ್ಲ. ಅವರ ಹಿತ್ತಿಲಿಗೆ ಹೇಳಿಮಾಡಿಸಿದ್ದು 2013ರಲ್ಲಿ ಭೌಗೋಳಿಕ ಗುರುತು ಪಡೆದ ಬೆಂಗಳೂರು ನೀಲಿ. ಅಮೆರಿಕದ ಕಾಡುದ್ರಾಕ್ಷಿಯ ರಕ್ತಸಂಬಂಧವುಳ್ಳ ಈ ಜಾತಿಗೆ ದಪ್ಪ ಸಿಪ್ಪೆ, ಬೀಜ, ಗಾಢ ಪರಿಮಳ. ಜೊತೆಗೆ ರೋಗ ತಾಳುವ ಗಟ್ಟಿತನ. ಬುಡದ ಕಣ್ಣುಗಳಲ್ಲಿಯೇ ಗೊಂಚಲು ಕೂಡುವುದರಿಂದ ಮೂರು ನಾಲ್ಕು ಕಣ್ಣಿಗೆ ಮೋಟಾಗಿ ಕತ್ತರಿಸಿದರೆ ಸಾಕು. ಎರಡು ಕತ್ತರಿಗೂ ಹಣ್ಣು ಕೊಡುವ ಉದಾರಿ ಅದು. ಇಬ್ನ್ ಬತೂತನು ಕಂಡಂತೆ ವರ್ಷಕ್ಕೆರಡು ಫಸಲು. ಆದರೆ ಅದಕ್ಕೂ ಕತ್ತರಿ ಬೇಕೇ ಬೇಕು.

ವಿಜಯಪುರದ ಆ ಅಂಗಳದಲ್ಲಿ ನವೆಂಬರಿನ ಕೊನೆಗೆ ಹೂವು ಬಂತು, ಸಂಕ್ರಾಂತಿಯ ಹೊತ್ತಿಗೆ ಬಟಾಣಿಯಷ್ಟು ಕಾಯಿ. ಹಕ್ಕಿಗಳಿಂದ ಕಾಪಾಡಲು ಮಗನು ಹಳೆಯ ವೃತ್ತಪತ್ರಿಕೆಗಳನ್ನು ಗೊಂಚಲಿಗೆ ಸುತ್ತಿ ದಾರ ಕಟ್ಟಿದನು. ಮಾರ್ಚ್ ಮೊದಲ ವಾರದಲ್ಲಿ ಕಾಗದ ಬಿಚ್ಚಿ ಎಣಿಸಿದಾಗ ಮೂವತ್ತೊಂದು ಗೊಂಚಲು. ಮೊದಲನೆಯದು ಮಾಸ್ತರರ ಭಾವಚಿತ್ರದೆದುರು ಹೋಯಿತು. ಎರಡು ನೆರೆಮನೆಗೆ, ಅವರ ತೊಟ್ಟಿಯ ಮೇಲೆ ನಾಲ್ಕು ವರ್ಷ ಎಲೆಯುದುರಿಸಿದ್ದಕ್ಕೆ ಪರಿಹಾರ. ಕೆಲಸಗಾರನಿಗಾಗಿ ತೆಗೆದಿರಿಸಿದ ಎರಡು ಗೊಂಚಲುಗಳಲ್ಲಿ ಒಂದನ್ನು ಮೊಮ್ಮಗನು ಮುಗಿಸಿದ್ದನು.

ಹದಿನೈದು ದಿನ ಬಳ್ಳಿಗೆ ವಿರಾಮ. ಅಷ್ಟರೊಳಗೆ ಮುದುಕಿ ಸೀರೆಗಳನ್ನು ಒಗೆದು ಒಣಗಿಸಿ, ಹರಿದ ಒಂದು ಕಡೆಗೆ ತೇಪೆ ಹಾಕುತ್ತ ಕುಳಿತಿದ್ದರು. ಗೂಡಿನಲ್ಲಿದ್ದ ಮಾಸ್ತರರ ಕತ್ತರಿಯನ್ನು ಮಗ ಸಾಣೆ ಹಿಡಿಸಿ ತಂದಿದ್ದನು.

"ಯಾವಾಗ ಬರ್ತಾನಂತ ಅಂವ?" ಎಂದು ಅವರು ಕೇಳಿದರು. "ಬ್ಯಾಸಗಿ ಮುಂದ ನಿಂತೈತಿ."